ಸಡಿಲವಾಗಿ ಕೂರಬೇಕಾದ ಕನ್ನಡಿ

ಕಾಯುವುದೆಂದರೆ ನನಗೆ ಮೈಯೆಲ್ಲ ತುರಿಕೆ. ಆ ಬೇಸಿಗೆಯಂತೂ ಕಾಯುವುದೇ ಕೆಲಸವಾಗಿತ್ತು. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ನಮ್ಮ ಯಜಮಾನರು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿಸಿ ತರಿಸಿದ ದಪ್ಪ ಗಾಜನ್ನು ವರ್ಷಗಟ್ಟಲೆ ಉಜ್ಜಿ, ನಡುವೆ ತಗ್ಗು ಮಾಡಿ, ಬೆಳ್ಳಿ ಪೂಸಿ, ದುರ್ಬೀನಿಗೆ ಕನ್ನಡಿ ಮಾಡಿದ್ದರು. ಅವರಿಗೆ ಅದು ಹುಚ್ಚು. ನನ್ನ ಅತ್ತೆಗೆ ಮಾತ್ರ ಅದರಿಂದ ಒಂದು ಕೆಲಸ ಆಗಬೇಕಿತ್ತು. ಅವರಿಗೆ ಶನಿಯನ್ನು ನೋಡಬೇಕಿತ್ತು.

ಮಾವ ತೀರಿಕೊಂಡದ್ದು ಏಳೂವರೆ ಶನಿಯ ಕಾಟದಲ್ಲಿ, ಈಗ ಅದು ಮಗನಿಗೆ ಹಿಡಿದಿದೆ ಎಂದು ಜೋಯಿಸರು ಹೇಳಿದ್ದರು. "ಮುಖಾನೇ ನೋಡ್ದೆ ಎಷ್ಟು ವರ್ಷ ಹೆದರ್ಲಿ? ಒಂದ್ಸಲ ಎದುರಿಗೇ ನೋಡ್ಬುಡ್ತೀನಿ ಕಣವ್ವ" ಎನ್ನುತ್ತಿದ್ದರು ಅತ್ತೆ. ಪೊರೆ ಬಂದು ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದು ದಿನದಿನಕ್ಕೆ ಮಬ್ಬಾಗುತ್ತಿತ್ತು. ಮಳೆ ಹಿಡಿಯಿತೆಂದರೆ ನಮ್ಮಲ್ಲಿ ತಿಂಗಳುಗಟ್ಟಲೆ ಆಕಾಶವೇ ಇಲ್ಲ. ಅಷ್ಟರೊಳಗೆ ತೋರಿಸಬೇಕಿತ್ತು.

ಮೊದಲ ಸಂಜೆ ನೋಡಿದರೆ ಒಂದೊಂದು ಚುಕ್ಕಿಗೂ ಮೂರು ಮೂಲೆ. ಶನಿಯಂತೂ ಬರೀ ಬೆಳಕಿನ ಮುದ್ದೆ. ನಮ್ಮವರು ಕುಸಿದು ಕೂತರು.

"ಉಜ್ಜಿದ್ದೇ ತಪ್ಪಾಗೈತೆ. ಮತ್ತೆ ಮೊದ್ಲಿಂದ ಉಜ್ಬೇಕು."

ನನಗೆ ರೇಗಿತು. ಇವರು ಮತ್ತೆ ಉಜ್ಜಿ ಮುಗಿಸುವಷ್ಟರಲ್ಲಿ ಅತ್ತೆಯ ಕಣ್ಣು ಇರಬೇಕಲ್ಲ! "ಅಲ್ಲಾ ರೀ, ತಪ್ಪು ಕನ್ನಡೀಲಿದ್ರೆ, ಕನ್ನಡಿ ತಿರುಗ್ಸಿದಾಗ ಆ ಮೂಲೆಗಳೂ ತಿರುಗ್ಬೇಕಲ್ವಾ? ಒಂಚೂರು ತಿರುಗ್ಸಿ ನೋಡಿ!"

ಸಿಟ್ಟಿನಲ್ಲಿ ಆಡಿದ ಮಾತು. ಆದರೂ ಮರುದಿನ ಅವರು ಕನ್ನಡಿಯ ಅಂಚಿಗೆ ನನ್ನ ಕುಂಕುಮದಿಂದಲೇ ಗುರುತು ಹಾಕಿ, ತುಸು ತಿರುಗಿಸಿ ನೋಡಿದರು. ಕುಂಕುಮ ಸರಿದಿತ್ತು, ಚುಕ್ಕಿಯ ಮೂಲೆಗಳು ಇದ್ದಲ್ಲೇ ಇದ್ದವು.

ಅಂದರೆ ತಪ್ಪು ಕನ್ನಡಿಯದಲ್ಲ, ಅದನ್ನು ಬಿಗಿದು ಕೂರಿಸಿದವರದು. ದುರ್ಬೀನಿನ ಕೊಳವೆಯ ತಳದ ಹಲಗೆಯ ಮೇಲೆ ಕನ್ನಡಿ ಕೂರಿಸಿ, ಮೂರು ಕಡೆ ಕಬ್ಬಿಣದ ಕೊಕ್ಕೆ ಹಾಕಿದ್ದರು. ಎಸ್ಟೇಟಿನವರಿಗೆ ಎಲ್ಲವೂ ಪಲ್ಪರೇ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಯಂತ್ರ ಅದುರಬಾರದೆಂದು ಸ್ಪ್ಯಾನರಿಗೆ ಜೋತುಬಿದ್ದು ಬೋಲ್ಟ್ ಬಿಗಿದೇ ಅಭ್ಯಾಸ. ಕನ್ನಡಿಗೂ ಅದನ್ನೇ ಮಾಡಿದ್ದರು. ಪಾಪದ ಗಾಜು ಮೂರು ಕಡೆ ಹಿಂಡಿಸಿಕೊಂಡು, ಕಣ್ಣಿಗೆ ಕಾಣದಷ್ಟು ಬಾಗಿತ್ತು.

ಸಡಿಲ ಬಿಡಲು ಅವರಿಗೆ ಕೈಯೇ ಬಾರದು. ಒಂದು ಸುತ್ತು ಬಿಚ್ಚುವುದು, ಅರ್ಧ ಸುತ್ತು ಮತ್ತೆ ಬಿಗಿಯುವುದು.

"ಬಿದ್ದೋದ್ರೆ?"

"ಎಲ್ಲಿಗ್ ಬೀಳುತ್ತೆ? ಕೆಳಗೆ ಹಲಗೆ ಇಲ್ವಾ?"

ಹಳೇ ಕಂಬಳಿಯ ಮೂರು ತುಂಡು ಹಲಗೆಯ ಮೇಲಿಟ್ಟು, ಅದರ ಮೇಲೆ ಕನ್ನಡಿ ಕೂರಿಸಿದೆವು. ಕೊಕ್ಕೆಗೂ ಗಾಜಿಗೂ ನಡುವೆ ಕಾಗದ ತೂರುವಷ್ಟು ಜಾಗ. ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಆ ಸದ್ದಿಗೆ ನಮ್ಮವರ ಹಲ್ಲು ಜುಮ್ಮೆನ್ನುತ್ತಿತ್ತು.

ಆಮೇಲೆ ಮೋಡ. ದಿನಾ ಸಂಜೆ ಗುಡುಗು. ನಾನು ಅಂಗಾಲು ಸುಟ್ಟ ಬೆಕ್ಕಿನ ಹಾಗೆ ಅಂಗಳಕ್ಕೂ ಒಳಕ್ಕೂ ತಿರುಗಿದ್ದೇ ತಿರುಗಿದ್ದು. ಕೊನೆಗೊಂದು ದಿನ ಮಳೆ ಮಧ್ಯಾಹ್ನವೇ ಸುರಿದು, ಸಂಜೆ ಆಕಾಶ ತಿಳಿಯಾಯಿತು. ಚುಕ್ಕಿಗಳಲ್ಲಿ ಮೂಲೆಯಿರಲಿಲ್ಲ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿದೆವು.

"ಕಾಣ್ತಾ ಅತ್ತೆ?"

ಅತ್ತೆ ಕಣ್ಣನ್ನು ಇನ್ನಷ್ಟು ಒತ್ತಿ ಹಿಡಿದರು. ಆ ಕಣ್ಣೂ ಹೋಯಿತೇನೋ ಎಂದು ನಾನು ಬಗ್ಗಿ ಅವರ ಮುಖ ನೋಡಿದೆ.

"ಬಳೆ ತೊಟ್ಕೊಂಡವ್ನೆ" ಎಂದರು. ಶನಿಯ ಸುತ್ತ ಬಳೆಯಿದೆ ಎಂಬುದು ನಾವೇ ಹೇಳಿಕೊಟ್ಟ ಮಾತು, ನಂಬುವುದು ಹೇಗೆ? ತುಸು ಹೊತ್ತಾದ ಮೇಲೆ, "ಹೋಗ್ತಾವ್ನೆ... ಅಂಚಿಗೆ ಹೋದ... ಹೋಗೇಬುಟ್ಟ ಕಣೋ!"

ಭೂಮಿ ತಿರುಗುತ್ತದಲ್ಲ, ದುರ್ಬೀನಿನಲ್ಲಿ ಯಾವ ಗ್ರಹವೂ ನಿಲ್ಲುವುದಿಲ್ಲ, ಮೆಲ್ಲಗೆ ಜಾರಿಹೋಗುತ್ತದೆ. ಅದನ್ನು ನಾವ್ಯಾರೂ ಅವರಿಗೆ ಹೇಳಿರಲಿಲ್ಲ. ಅತ್ತೆ ನಿಜವಾಗಿಯೂ ನೋಡಿದ್ದರು.

ನಮ್ಮವರು ಕೊಳವೆ ಸರಿಸಲು ಕೈಹಾಕಿದರು. ಅತ್ತೆ ಆ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಹೋದೋನ್ನ ಮತ್ಯಾಕೋ ಕರೀತೀಯ?"

"ಇವಳಿನ್ನೂ ನೋಡಿಲ್ಲ, ಅವ್ವ."

"ಯಾರೂ ನೋಡೋದು ಬ್ಯಾಡ. ಮುಚ್ಚು."

ಇಷ್ಟು ದಿನ ಕಾದವಳು ನಾನು! ಜಗಳಕ್ಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಕತ್ತಲಲ್ಲಿ ತಡಕಾಡಿ, ಮಗನ ಎರಡೂ ಕೆನ್ನೆ ಸವರಿ, ತಮ್ಮ ಹಣೆಗೊತ್ತಿ ಲಟಿಕೆ ಮುರಿದರು. "ಇನ್ ನೀನು ಬದುಕ್ತೀಯ ಬುಡು" ಎಂದರು.

ಮುಚ್ಚಳ ತಂದು ನಾನೇ ಹಾಕಿದೆ.