ಬಯೋಡೇಟಾ ಮಾವ ಮತ್ತು ಕಲೆ ತೆಗೆಯೋ ಅಕ್ಕ

ಕೆಲಸ ಹುಡುಕೋದು ಹೇಗೆ ಅಂತ ಗ್ರೂಪಲ್ಲಿ ಕೇಳಿದ್ರಲ್ಲ, ಟೈಪ್ ಮಾಡೋಕೆ ನಂಗೆ ಸೋಮಾರಿತನ, ಬಾಯಲ್ಲೇ ಹೇಳ್ತೀನಿ. ನನ್ನ ಅನುಭವ ಕೇಳಬೇಡಿ, ನಾನೇ ಬೀದಿ ಅಳೀತಾ ಇದ್ದೀನಿ. ನಮ್ಮಕ್ಕನ ಕಥೆ ಕೇಳಿ.

ಅಕ್ಕ ಹದಿನಾಲ್ಕು ವರ್ಷ ಒಂದು ದೊಡ್ಡ ಲಾಂಡ್ರಿಯಲ್ಲಿದ್ದಳು. ಹೋಟೆಲ್‌ಗಳ ಬೆಡ್‌ಶೀಟು, ಟವೆಲ್ಲು, ಮೇಜಿನ ಬಟ್ಟೆ ಎಲ್ಲ ಅಲ್ಲಿಗೇ ಬರೋದು. ಇವಳ ಕೆಲಸ ಕಲೆ ನೋಡೋದು. ಮೂಟೆ ಬಿಚ್ಚಿದ ತಕ್ಷಣ ಇದು ಎಣ್ಣೆ, ಇದು ಕಾಫಿ, ಇದು ತುಟಿಗೆ ಹಚ್ಚೋ ಬಣ್ಣ ಅಂತ ಮೂಗಲ್ಲೇ ಕಂಡುಹಿಡಿದು ಬೇರೆಬೇರೆ ಬುಟ್ಟಿಗೆ ಎಸೀತಿದ್ದಳು. ಮನೇಲಿ ನಾವು ಅಂಗಿ ಮೇಲೆ ಏನಾದ್ರೂ ಚೆಲ್ಲಿಕೊಂಡು ಸುಳ್ಳು ಹೇಳೋ ಹಾಗೇ ಇರಲಿಲ್ಲ. ಒಂದಿನ ಲಾಂಡ್ರಿ ಬಾಗಿಲು ಹಾಕ್ತು. ಐದು ತಿಂಗಳು ಅಕ್ಕ ಮನೇಲಿ.

ಭಾವನಿಗೆ ಮಾತ್ರ ಇದು ಬಹಳ ಅನುಕೂಲ ಆಯ್ತು. ಅವರ ತಂಗಿಗೆ ಅವಳಿ ಗಂಡುಮಕ್ಕಳು, ಹೆರಿಗೆ ರಜ ತಿಂಗಳ ಕೊನೆಗೆ ಮುಗಿಯುತ್ತೆ. "ಹೇಗಿದ್ರೂ ಸುಮ್ನೆ ಕೂತಿದ್ದೀಯಲ್ಲ, ಅವಳ ಮನೇಲಿ ಮಕ್ಕಳನ್ನ ನೋಡ್ಕೋ. ಅಷ್ಟರಲ್ಲಿ ಕೆಲಸ ಸಿಕ್ಕಿದ್ರೆ ಬೇಡ ಬಿಡು" ಅಂದ್ರು. ಅಡುಗೆ, ಪಾತ್ರೆ, ಅತ್ತೆಯ ಮಾತ್ರೆ, ಇದಕ್ಕೆಲ್ಲ ಸೇರಿಸಿ ಅಕ್ಕನ ಮನೇಲಿ ಸುಮ್ನೆ ಕೂರೋದು ಅಂತ ಹೆಸರು. ನಾದಿನಿ ಮನೆಗೆ ಒಂದ್ಸಲ ಕಾಲಿಟ್ರೆ ಆ ಹುಡುಗರಿಗೆ ಮೀಸೆ ಬರೋವರೆಗೂ ವಾಪಸ್ ಇಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಉಳಿದಿದ್ದು ಹತ್ತೊಂಬತ್ತು ದಿನ.

ಆಗ ಬಂದ್ರು ನಮ್ಮ ಸೋದರಮಾವ. ತಾತ ಬಿಟ್ಟುಹೋದ ಜೆರಾಕ್ಸ್ ಅಂಗಡಿ ನೋಡ್ಕೋತಾರೆ. ಜನ್ಮದಲ್ಲಿ ಒಂದು ಇಂಟರ್‌ವ್ಯೂಗೆ ಹೋದೋರಲ್ಲ, ಆದ್ರೆ ಏರಿಯಾದ ನಿರುದ್ಯೋಗಿಗಳಿಗೆಲ್ಲ ಅವರೇ ಗುರು. ಅವರು ಬಯೋಡೇಟಾ ಮಾಡೋದು ಹೇಗೆ ಗೊತ್ತಾ? ಹಿಂದೆ ಬಂದವನ ಫೈಲ್ ತೆಗೆದು, ಅವನ ಹೆಸರು ಅಳಿಸಿ, ನಿಮ್ಮ ಹೆಸರು ಹಾಕಿ, ಪ್ರಿಂಟ್. ಹೊಸ ಫೈಲ್ ಶುರು ಮಾಡೋದು ಅಂದ್ರೆ ಅವರಿಗೆ ದುಂದುವೆಚ್ಚ.

"ಕಲೆ ತೆಗೀತೀನಿ ಅಂತೆಲ್ಲ ಬರೀಬಾರದಮ್ಮ, ಚೀಪಾಗಿ ಕಾಣುತ್ತೆ" ಅಂದ್ರು.

"ನಾನು ಮಾಡೋದು ಅದನ್ನೇ ಅಲ್ವಾ ಮಾವ?"

"ಮಾಡೋದು ಬೇರೆ, ಬರೆಯೋದು ಬೇರೆ."

ಬರೆದ್ರು: ವಸ್ತ್ರ ನೈರ್ಮಲ್ಯ ನಿರ್ವಹಣಾ ತಜ್ಞೆ. ಅಕ್ಕ ಎರಡು ಸಲ ಓದಿ, "ಇದು ಯಾರು?" ಅಂತ ಕೇಳಿದಳು.

ಅರವತ್ತು ಕಾಪಿ ತೆಗೆದ್ರು. ಜೊತೆಗೆ ಉಪದೇಶ. ಸದಾ ನಗ್ತಾ ಇರು, ನಿನ್ನ ದೋಷ ಏನು ಅಂತ ಕೇಳಿದ್ರೆ "ವಿಪರೀತ ಕೆಲಸ ಮಾಡೋದು" ಅನ್ನು. ಅಕ್ಕ ಹತ್ತು ದಿನ ಬಿಸಿಲಲ್ಲಿ ಅಲೆದು ಹಂಚಿದಳು. ಬಂದಿದ್ದು ಒಂದೇ ಒಂದು ಫೋನು.

"ಮೇಡಂ, ನೀವು ಲಾರಿ ಓಡಿಸೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

ಅಕ್ಕನಿಗಿಂತ ಮುಂಚೆ ಮಾವನ ಹತ್ರ ಬಂದಿದ್ದೋನು ಲಾರಿ ಡ್ರೈವರು. ಅವನ ಲೈಸೆನ್ಸಿನ ಸಾಲು ಅಕ್ಕನ ಬಯೋಡೇಟಾದಲ್ಲೇ ಉಳ್ಕೊಂಡಿತ್ತು. ಅಕ್ಕ ಹೋಗಿ ಕೇಳಿದ್ರೆ ಮಾವ ಏನಂದ್ರು ಗೊತ್ತಾ? "ಹೂಂ ಅನ್ನಬೇಕಿತ್ತು. ಅವಕಾಶ ಬಂದಾಗ ಹಿಂಜರೀಬಾರದು."

ಒಂಬತ್ತು ದಿನ ಉಳೀತು. ಭಾವ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿಟ್ಟಿದ್ರು. ಮದುವೆಯಾದ ಮೇಲೆ ಅವರು ಒರೆಸಿದ ಮೊದಲ ಧೂಳು ಅದು.

ಅವತ್ತು ಅಕ್ಕ ಉಳಿದಿದ್ದ ಒಂದು ಬಯೋಡೇಟಾ ತಿರುಗಿಸಿ, ಹಿಂದೆ ಪೆನ್ನಲ್ಲಿ ಬರೆದಳು. "ಹದಿನಾಲ್ಕು ವರ್ಷ ಲಾಂಡ್ರಿ. ರಕ್ತದ ಕಲೆ ತೆಗೀತೀನಿ. ಔಷಧಿ ಕಲೆ ತೆಗೀತೀನಿ. ಹೋಗದೇ ಇರೋ ಕಲೆ ಯಾವುದು ಅಂತ ಒಗೆಯೋಕೆ ಮುಂಚೆನೇ ಹೇಳ್ತೀನಿ." ಆಮೇಲೆ ಹಳೇ ಲಾಂಡ್ರಿಯ ವ್ಯಾನ್ ಡ್ರೈವರಿಗೆ ಫೋನ್ ಮಾಡಿದಳು. ಅವನೀಗ ಒಂದು ಆಸ್ಪತ್ರೆಯ ಬಟ್ಟೆ ಸಾಗಿಸ್ತಾನೆ. ಕೆಲಸ ಇದೆಯಾ ಅಂತ ಕೇಳಲಿಲ್ಲ ನೋಡಿ. "ಅಲ್ಲಿ ಬಟ್ಟೆ ಸರಿಯಾಗಿ ಒಗೀತಾರೇನೋ?" ಅಂತ ಕೇಳಿದಳು.

"ಎಲ್ಲಿಯದು ಅಕ್ಕಾ, ಒಗೆದಿದ್ದರಲ್ಲಿ ಅರ್ಧ ವಾರ್ಡಿಂದ ಬೈಗುಳದ ಜೊತೆ ವಾಪಸ್ ಬರುತ್ತೆ. ಎರಡು ಗಂಟೆಗೆ ಹಿಂದಿನ ಗೇಟಿಗೆ ಬಾ, ನೀನೇ ನೋಡು."

ನಾನೇ ಬೈಕಲ್ಲಿ ಕರ್ಕೊಂಡು ಹೋದೆ. ಮುಂದಿನ ಗೇಟಲ್ಲಿ "ಕೆಲಸ ಖಾಲಿ ಇಲ್ಲ" ಅಂತ ಇಷ್ಟು ದೊಡ್ಡ ಬೋರ್ಡು. ಹಿಂದೆ ಶೆಡ್ಡಲ್ಲಿ ವಾಪಸ್ ಬಂದ ಬೆಡ್‌ಶೀಟಿನ ಗುಡ್ಡ, ಅದರ ಪಕ್ಕ ಲಾಂಡ್ರಿ ಉಸ್ತುವಾರಿ ಮೇಡಂ, ಫೋನಲ್ಲಿ ಯಾರ ಹತ್ರಾನೋ ಬೈಸ್ಕೋತಿದ್ರು. ಫೋನ್ ಇಟ್ಟು ಆ ಸಿಟ್ಟೆಲ್ಲ ನಮ್ಮ ಮೇಲೆ.

"ಯಾರಮ್ಮ ನೀನು? ಬೋರ್ಡ್ ನೋಡಿಲ್ವಾ?"

ಅಕ್ಕ ಒಂದು ಬೆಡ್‌ಶೀಟಿನ ಅಂಚು ಎತ್ತಿ ಬೆರಳಲ್ಲಿ ಉಜ್ಜಿದಳು. "ಇದನ್ನ ನೇರ ಬಿಸಿನೀರಿಗೆ ಹಾಕಿದ್ದಾರೆ ಮೇಡಂ. ರಕ್ತ ಬೆಂದು ಕೂತುಬಿಟ್ಟಿದೆ."

"ಎಲ್ಲ ಬಟ್ಟೇನೂ ಬಿಸಿನೀರಿಗೇ ಹಾಕೋದು. ಆಸ್ಪತ್ರೆ ಇದು."

"ಹಾಕಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಅರ್ಧ ಗಂಟೆ ತಣ್ಣೀರಲ್ಲಿ ನೆನೆಸಿ."

ಮೇಡಂ ಕೈ ಚಾಚಿದ್ರು. ಅಕ್ಕ ಕೊಟ್ಟ ಹಾಳೆ ಓದಿದ್ರು, ತಿರುಗಿಸಿ ಇನ್ನೊಂದು ಕಡೆಯೂ ಓದಿದ್ರು.

"ಲಾರಿ ಬೇರೆ ಓಡಿಸ್ತೀಯಾ?"

"ಇಲ್ಲ ಮೇಡಂ. ಅದು ನಮ್ಮ ಮಾವನ ಕೈವಾಡ."

ನಗಲಿಲ್ಲ ಪುಣ್ಯಾತ್ಗಿತ್ತಿ. "ನಾಳೆ ಏಳಕ್ಕೆ ಬಾ. ಹದಿನೈದು ದಿನ ನೋಡ್ತೀನಿ" ಅಂದ್ರು. ನೋಡಿದ್ರು, ಇಟ್ಕೊಂಡ್ರು. ಅಕ್ಕ ಬರಲ್ಲ ಅಂದ ಮಾರನೇ ದಿನವೇ ನಾದಿನಿಗೆ ಒಬ್ಬ ಆಯಾ ಸಿಕ್ಕಳು. ಅಲ್ಲಿವರೆಗೂ ಈ ಭೂಮಿ ಮೇಲೆ ಆಯಾಗಳೇ ಇರಲಿಲ್ಲ.

ಇಲ್ಲಿಗೆ ಮುಗೀಬೇಕಿತ್ತು. ಆದ್ರೆ ಮಾವ ಇದಾರಲ್ಲ. "ನನ್ನ ಬಯೋಡೇಟಾದಿಂದಲೇ ಆಸ್ಪತ್ರೆ ಕೆಲಸ ಸಿಕ್ತು" ಅಂತ ಅಂಗಡಿ ತುಂಬ ಡಂಗುರ. ಕೆಲಸ ಕೊಡಿಸಿದ ಸಾಲು ಯಾವುದು ಅಂತ ಅಕ್ಕನನ್ನ ಕೇಳ್ಕೊಂಡು ಹೋಗಿ ಫೈಲಿಗೆ ಸೇರಿಸಿದ್ರು.

ಹೋದ ವಾರ ನಾನೂ ಮಾವನ ಅಂಗಡಿ ಬಯೋಡೇಟಾ ಹಿಡ್ಕೊಂಡು ಒಂದು ಆಫೀಸಿಗೆ ಗುಮಾಸ್ತನ ಕೆಲಸದ ಇಂಟರ್‌ವ್ಯೂಗೆ ಹೋದೆ. ಒಳಗಿದ್ದ ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದ್ರು. "ರಕ್ತದ ಕಲೆ ತೆಗೀತೀನಿ ಅಂತ ಬರೆದಿದ್ದೀಯ. ಬೆಳಿಗ್ಗೆಯಿಂದ ನೀನು ಐದನೆಯವನು. ಏನಪ್ಪ, ಎಲ್ಲ ಒಂದೇ ಗ್ಯಾಂಗಾ?"

ಅಕ್ಕನ ಮನೆಗೆ ಹೋಗಿ ಹೇಳಿದ್ರೆ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಒಂದು ಖಾಲಿ ಹಾಳೆ ಕೊಟ್ಟು, "ನಿಂಗೇನು ಬರುತ್ತೋ ನಿನ್ನ ಕೈಯಲ್ಲೇ ಬರಿ. ಆಮೇಲೆ ಅದು ಯಾರಿಗೆ ಬೇಕಾಗಿದೆ ಅಂತ ಹುಡುಕೋಣ" ಅಂದಳು.

ನಾಲ್ಕು ದಿನ ಆಯ್ತು. ಒಂದೂವರೆ ಸಾಲು ಆಗಿದೆ. ಆ ಅರ್ಧ ಸಾಲಿನ ಮೇಲೆ ನಂಗೇ ಅನುಮಾನ.