ಮಾಲವಣದ ನೀರಿನಲ್ಲಿ ಅಕ್ಕ

ಮೀರಜಿನಿಂದ ಮಾಲವಣದ ಸಮುದ್ರದವರೆಗೆ ನಡೆದೇ ಹೋಗಬೇಕೆಂಬುದು ಅಕ್ಕನ ಹಟ. ವಿಶ್ರಾಮಬಾಗದ ಶಾಲೆಯೊಂದರಲ್ಲಿ ಗಣಿತ ಕಲಿಸುವ ಅವಳನ್ನು ಒಬ್ಬಳನ್ನೇ ಕಳಿಸಲು ಭಾವನೂ ಸೇರಿ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ದೀಪಾವಳಿಗೆ ಕುಪವಾಡದ ನಮ್ಮ ಕಾರ್ಖಾನೆಗೆ ರಜೆ ಬಿದ್ದದ್ದೇ ನಾನೂ ಚೀಲ ಹೆಗಲಿಗೇರಿಸಿದೆ. ಕೊಲ್ಹಾಪುರ ದಾಟಿ, ಫೋಂಡಾ ಘಾಟ್ ಇಳಿದು, ಕೊನೆಗೂ ಸಮುದ್ರ ಕಂಡಾಗ ನನ್ನ ಹಿಮ್ಮಡಿಗಳು ಸುಲಿದುಹೋಗಿದ್ದವು. ದಂಡೆಗುಂಟ ವೆಂಗುರ್ಲೆಗೆ ಹೊರಡುವ ಮೊದಲು ಒಂದು ದಿನ ವಿಶ್ರಾಂತಿ ಎಂದು ಅಕ್ಕನೇ ಹೇಳಿದಳು.

ಅವಳ ವಿಶ್ರಾಂತಿ ಎಂದರೆ ಸ್ನಾರ್ಕೆಲಿಂಗ್. ಬೆಳಿಗ್ಗೆ ದೋಣಿಯವನು ನಮ್ಮನ್ನು ಬಂಡೆಗಳ ಹತ್ತಿರ ಕರೆದೊಯ್ದು ಲಂಗರು ಹಾಕಿದ. ಕಣ್ಣು ಮೂಗು ಮುಚ್ಚುವ ಕನ್ನಡಕ, ಬಾಯಲ್ಲಿ ಉಸಿರಿನ ಕೊಳವೆ, ಮೈಗೆ ಕಿತ್ತಳೆ ಬಣ್ಣದ ಜಾಕೆಟ್. ಜಾಕೆಟ್ ಬಿಚ್ಚಬಾರದು ಎಂದು ಅವನು ಮರಾಠಿಯಲ್ಲಿ ಎರಡೆರಡು ಸಲ ಹೇಳಿದ.

"ನಾ ಸಮಡೋಳಿ ಊರ ಬಾವ್ಯಾಗ ಈಜು ಕಲ್ತಾಕಿ. ನನಗೇನ ಹೇಳ್ತಾನ ಇವಾ?" ಎಂದು ಅಕ್ಕ ನನ್ನ ಕಡೆ ನೋಡಿ ನಕ್ಕಳು.

ನನಗೆ ಈಜು ಬರುವುದಿಲ್ಲ. ದೋಣಿಗೆ ಕಟ್ಟಿದ ರಬ್ಬರ್ ಟ್ಯೂಬನ್ನು ಎರಡೂ ಕೈಯಿಂದ ಹಿಡಿದು ನೀರಿಗೆ ಮುಖ ಇಟ್ಟೆ. ಕಾಲ ಕೆಳಗೆ ಪಟ್ಟೆಪಟ್ಟೆಯ ಮೀನುಗಳು ಸಾವಕಾಶ ತಿರುಗುತ್ತಿದ್ದವು. ನಡೆದು ನಡೆದು ಬಿಗಿದುಕೊಂಡಿದ್ದ ಮೈ ಸಡಿಲಾಯಿತು. ಎಷ್ಟು ಹೊತ್ತು ಹಾಗಿದ್ದೆನೋ. ತಲೆ ಎತ್ತಿದಾಗ ಅಕ್ಕನ ಜಾಕೆಟ್ ತುಸು ದೂರ ತೇಲುತ್ತಿತ್ತು. ಅದರೊಳಗೆ ಅಕ್ಕ ಇರಲಿಲ್ಲ.

"ಅಕ್ಕಾ!" ಎಂದು ಕೂಗಲು ಹೋಗಿ ಉಪ್ಪುನೀರು ಕುಡಿದೆ. ದೋಣಿಯವನು ಜಾಕೆಟ್ ನೋಡಿದ, ನನ್ನ ಮುಖ ನೋಡಿದ, ಧುಮುಕಿಯೇಬಿಟ್ಟ. ಅವನು ಮುಳುಗಿದ ಕಡೆ ನೀರು ಕೂಡಿಕೊಂಡಿತು. ಎದ್ದ, ಉಸಿರು ತೆಗೆದುಕೊಂಡ, ಮತ್ತೆ ಮುಳುಗಿದ. ಟ್ಯೂಬ್ ಬಿಟ್ಟರೆ ನನ್ನನ್ನೂ ಅವನೇ ಹುಡುಕಬೇಕಾಗುತ್ತಿತ್ತು. ಹಿಡಿದೇ ಇದ್ದೆ. ಬೆರಳು ಸೆಟೆದುಹೋದವು. ಭಾವನಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಆಗ ಬಂಡೆಯ ಆಚೆ ನಿಂತಿದ್ದ ಇನ್ನೊಂದು ದೋಣಿಯಿಂದ ಯಾರೋ ಕೈ ಬೀಸಿ ಕೂಗಿದರು. ಆ ದೋಣಿಯ ಲಂಗರಿನ ಹಗ್ಗಕ್ಕೆ ಅಕ್ಕ ಜೋತುಬಿದ್ದಿದ್ದಳು. ನಮ್ಮ ದೋಣಿಯವನು ಈಜಿ ಹೋಗಿ ಅವಳನ್ನು ಕರೆತಂದು ಮೇಲೆತ್ತಿದಾಗ ಅವಳ ಮೊಣಕಾಲು ಬಂಡೆಗೆ ತರಚಿ ರಕ್ತ ಸೋರುತ್ತಿತ್ತು. ಅವನು ಅವಳಿಗೆ ಮತ್ತೆ ಜಾಕೆಟ್ ತೊಡಿಸಿ ಬಿಗಿದು ಕಟ್ಟಿದ.

ಮಧ್ಯಾಹ್ನ ಗಾಳಿಮರಗಳ ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತಾಗ ಕೇಳಿದೆ. "ಯಾಕ ಬಿಚ್ಚಿದಿ?"

"ಜಾಕೀಟ ಕೆಳಗ ಹೋಗಾಕ ಬಿಡವಲ್ದಾಗಿತ್ತು. ಕೆಳಗ ಹಳದಿ ಮೀನಾ ಭಾಳ ಇದ್ದೂ." ಮೊಣಕಾಲಿನ ಮರಳು ಒರೆಸಿಕೊಳ್ಳುತ್ತ, "ಬಾವಿ ನೀರು ನಿಂತಲ್ಲೇ ಇರತೈತಿ, ತಮ್ಮಾ. ಇದು ಎಳೀತೈತಿ. ಕೈ ಎಷ್ಟ ಬಡದ್ರೂ ನಿನ್ನ ದೋಣಿ ದೂರನ ಹೊಂಟಿತ್ತು. ಭಾಳ ಅಂಜಿದೆ," ಎಂದಳು.

ಬೈಯಬೇಕೆಂದುಕೊಂಡಿದ್ದವನು ನೀರಿನ ಬಾಟಲಿ ಅವಳ ಕಡೆ ಸರಿಸಿದೆ.

"ಮನ್ಯಾಗ ನಾನ ಹೇಳತೇನಿ. ನೀ ಸುಮ್ಕಿರು," ಎಂದು ಮಗ್ಗುಲಾಗಿ ನಿದ್ದೆಹೋದಳು.

ಮರುದಿನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ವೆಂಗುರ್ಲೆಯ ಕಡೆ ಹೊರಟಳು. ನಾನು ಅವಳನ್ನು ಒಳಬದಿಗೆ ಬಿಟ್ಟು ನೀರಿನ ಬದಿಗೆ ನಡೆದೆ. ಅವಳು ಅದನ್ನು ಗಮನಿಸಿದಳು, ಒಳಬದಿಯಲ್ಲೇ ನಡೆದಳು.