ಕೊಪ್ಪರಿಗೆ ಬಿಡದ ಲಸಿಯೆಮ್

ಮದುವೆಯಾಗಿ ಕೆದಿರಿ ಊರಿಗೆ ಬಂದ ವಾರದಲ್ಲೇ ನಾನು ಅವಳ ಹೆಸರು ಕೇಳಿದ್ದು. ಸೋಯಾ ಹಾಲು ಒಡೆದು ಮಾಡುವ ತಾಹು ಗಟ್ಟಿಯನ್ನು ಮಾರುಕಟ್ಟೆಯಿಂದ ತಂದಿದ್ದೆ. ಅತ್ತೆ ಅದನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ ಪಕ್ಕಕ್ಕಿಟ್ಟರು.

"ಇದು ಲಸಿಯೆಮ್ ಕೈದಲ್ಲ."

"ಯಾರ ಕೈದಾದ್ರೇನು, ತಾಹು ತಾಹೂನೇ ಅಲ್ವಾ?"

"ಹಾಗಾದ್ರೆ ಗಂಡನೂ ಯಾರಾದ್ರೇನು ಅನ್ನು. ಒತ್ತಿದ್ರೆ ಮತ್ತೆ ಮೇಲಕ್ಕೆ ಬರ್ಬೇಕು. ಇದು ಒತ್ತಿದ ಕಡೆ ಅಳ್ತಾ ಕೂತಿದೆ. ಹೋಗು, ಹಿಂದಿನ ಕೇರೀಲಿ ಹೊಗೆ ಬರೋ ಮನೆ ಯಾವ್ದು ಅಂತ ಕೇಳು."

ಹೋದೆ. ಹೊಗೆಯ ನಡುವೆ ಸರೋಂಗ್ ಲುಂಗಿಯನ್ನು ಮೇಲೆತ್ತಿ ಕಟ್ಟಿದ ಹೆಂಗಸೊಬ್ಬಳು ಸೋಯಾ ಕಾಳು ತಂದವನನ್ನು ಬೈಯುತ್ತಿದ್ದಳು. ಆ ದನಿ ಹೊಳೆಯ ಆಚೆ ದಡಕ್ಕೂ ಕೇಳಿಸುವಂತಿತ್ತು. ಅವಳೇ ಲಸಿಯೆಮ್. ನನಗಿಂತ ಹಿರಿಯಳು. ಅಕ್ಕನನ್ನು ಕರೆಯುವ ಹಾಗೆ ನಾನೂ ಅಂದಿನಿಂದ ಅವಳನ್ನು 'ಯು' ಎಂದೇ ಕರೆದೆ.

ನನ್ನ ಗಂಡ ತೀರಿಕೊಂಡಾಗ ಅವಳು ಬಂದು ಕೂತು, ಒಂದೇ ಮಾತು ಹೇಳಿ ಎದ್ದುಹೋದಳು: "ಪೊನಿರಾ, ಅಳೋದು ಮುಗಿದ್ಮೇಲೆ ಬಾ. ಬಟ್ಟೆ ಕಟ್ಟೋಕೆ ನಂಗೆ ಕೈ ಬೇಕು." ಹಾಗೆ ನಾನು ಅವರ ತಾಹು ಮನೆ ಸೇರಿದೆ. ಒಡೆದ ಹಾಲಿನ ಗಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಕಲ್ಲು ಹೇರುವುದು ನನ್ನ ಕೆಲಸ. ಕಾಳು ಅರೆಸಿ ಸೋಸುವುದು ಅವಳ ತಂಗಿ ವರ್ಸಿನಿಯ ಪಾಲು. ಕೊಪ್ಪರಿಗೆಯ ಮುಂದೆ ನಿಂತು, ಕಾದ ಸೋಯಾ ಹಾಲಿಗೆ ಹಿಂದಿನ ದಿನದ ಹುಳಿನೀರು ಹುಯ್ಯುವ ಹಕ್ಕು ಮಾತ್ರ ಲಸಿಯೆಮ್‌ಳದು. ಹಬೆಗೆ ಅಂಗೈಯ ಹಿಂಬದಿ ಹಿಡಿದು ಹದ ನೋಡುತ್ತಿದ್ದಳು. ಹುಯ್ಯುವ ಮುಂಚೆ ಮೊದಲ ಹಾಲನ್ನು ಒಂದು ಲೋಟ ಕುಡಿಯಲೇಬೇಕು. ಅವರಪ್ಪನ ಕಾಲದಿಂದ ಬಂದ ಪದ್ಧತಿ ಅದು. ಕುಡಿಯದೆ ಹುಯ್ದರೆ ಹಾಲಿಗೆ ಅವಮಾನ ಎನ್ನುತ್ತಿದ್ದರು.

ಐವತ್ತು ದಾಟಿದ ಮೇಲೆ ಅವಳಿಗೆ ಏನೋ ಆಯಿತು. ಕುದಿಯುವ ಕೊಪ್ಪರಿಗೆಯ ಪಕ್ಕದಲ್ಲೇ ಶಾಲು ಹೊದ್ದು ನಿಲ್ಲತೊಡಗಿದಳು. ಮುಖ ಊದಿತು, ಕೂದಲು ಬಾಚಣಿಗೆ ತುಂಬ ಬಂತು, ಹೊಳೆ ದಾಟುತ್ತಿದ್ದ ದನಿ ಗೊಗ್ಗರಾಯಿತು. ಗಾಳಿ ಹೊಕ್ಕಿದೆ ಎಂದು ನಾನೇ ಅವಳ ಬೆನ್ನಿಗೆ ಮುಲಾಮು ಹಚ್ಚಿ ನಾಣ್ಯದಿಂದ ಕೆರೆದೆ. ನಮ್ಮಲ್ಲಿ ಎಲ್ಲ ಕಾಯಿಲೆಗೂ ಮೊದಲ ಮದ್ದು ಅದೇ. ಕೆಂಪು ಗೆರೆಗಳು ಎದ್ದವು, ಚಳಿ ಮಾತ್ರ ಬಿಡಲಿಲ್ಲ. ಆಮೇಲಾಮೇಲೆ ಕೈಯ ಹದವೇ ತಪ್ಪಿತು. ಹುಳಿ ಹಿಡಿದುಕೊಂಡು ಸುಮ್ಮನೆ ನಿಂತುಬಿಡುವಳು. ಬಟ್ಟೆಗೆ ಬಂದ ಗಟ್ಟಿ ನನ್ನ ಬೆರಳ ಸಂದಿಯಲ್ಲೇ ಪುಡಿಯಾಗುತ್ತಿತ್ತು.

"ಯು, ಹಾಲು ಆರಿಹೋಯ್ತು," ಎಂದಳು ವರ್ಸಿನಿ ಒಂದು ದಿನ.

"ಯೋಚ್ನೆ ಮಾಡ್ತಿದ್ದೆ."

"ಅಷ್ಟೊತ್ತು ಯೋಚ್ನೆ ಮಾಡೋರು ಮಸೀದಿ ಕಟ್ಟೆ ಮೇಲೆ ಕೂರ್ಬೇಕು, ಒಲೆ ಮುಂದೆ ಅಲ್ಲ. ಗಿರಾಕಿಗಳು ಬೇರೆ ಮನೆ ಹುಡುಕ್ತಿದ್ದಾರೆ. ಉಪವಾಸ ಮುಗಿಯೋ ಲೆಬಾರನ್ ಹಬ್ಬದವರೆಗೂ ನೋಡ್ತೀನಿ. ಅಷ್ಟರಲ್ಲಿ ನಿನ್ ಕೈ ಸರಿಹೋಗ್ದಿದ್ರೆ ಕೊಪ್ಪರಿಗೆ ನಂದು."

ಲಸಿಯೆಮ್ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದೇ ನನಗೆ ಭಯ ತಂದಿತು. ಮಾರನೆಯ ದಿನವೇ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿದ್ದದ್ದು ಡಾಕ್ಟರ್ ರೆತ್ನೊ, ನಮ್ಮೂರ ಕಡೆಯ ಹುಡುಗಿಯೇ. ರಕ್ತ ಪರೀಕ್ಷೆ ಮಾಡಿಸಿ, ತಾಯಿಯನ್ನು ಕರೆಯುವ ಹಾಗೆ 'ಬು' ಎಂದು ಕರೆದು ಹೇಳಿದಳು.

"ಕುತ್ತಿಗೇಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ ಬು. ಮೈಗೆಲ್ಲ ಶಾಖ, ಚುರುಕು ಕೊಡೋದು ಅದರ ಕೆಲಸ. ನಿಮ್ದು ಕೆಲಸ ಕಮ್ಮಿ ಮಾಡ್ಬಿಟ್ಟಿದೆ."

"ಅಂದ್ರೆ ನಂಗಿಂತ ಮುಂಚೆ ಅದು ಕೆಲಸ ಬಿಡ್ತು."

"ಬಿಡ್ಲಿ. ಅದು ಕೊಡದೇ ಇರೋದನ್ನ ಮಾತ್ರೆ ಕೊಡುತ್ತೆ. ದಿನಾ ಬೆಳಿಗ್ಗೆ ಬರೀ ಹೊಟ್ಟೇಲಿ ಒಂದು. ಜೀವನಪೂರ್ತಿ."

"ಜೀವನಪೂರ್ತಿ ನನ್ ಜೊತೆ ಇರ್ತೀನಿ ಅಂತ ಗಂಡನೂ ಅಂದಿದ್ದ," ಎಂದು ಮಾತ್ರೆಯನ್ನು ಸರೋಂಗಿನ ಮಡಿಕೆಗೆ ಸೇರಿಸಿದಳು.

ತಿಂಗಳುಗಳು ಕಳೆದವು. ಮಾತ್ರೆ ನುಂಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಡಾಕ್ಟರು ಮಾತ್ರೆಯ ಬಲ ಹೆಚ್ಚಿಸಿದಳು, ಮತ್ತೆ ಹೆಚ್ಚಿಸಿದಳು. ಶಾಲು ಇಳಿಯಲಿಲ್ಲ. ಅಷ್ಟರಲ್ಲಿ ಉಪವಾಸದ ತಿಂಗಳು ಬಂತು. ಆಗ ಮಾತ್ರ ಮೊದಲ ಹಾಲನ್ನು ಯಾರೂ ಕುಡಿಯುವಂತಿಲ್ಲ, ಕುಡಿಯದೆಯೇ ಹುಯ್ಯಬೇಕು. ಅವಳು ಬೆಳಗಾಗುವ ಮುಂಚಿನ ಸಹರಿಯ ಊಟಕ್ಕೆಂದು ಎದ್ದ ಕೂಡಲೇ ನೀರಿನ ಜೊತೆ ಮಾತ್ರೆ ನುಂಗಿ, ಆಮೇಲೆ ಅಕ್ಕಿ ತೊಳೆದು ಒಲೆ ಹಚ್ಚುತ್ತಿದ್ದಳು. ಅನ್ನ ಬೆಂದು ಬಡಿಸುವ ಹೊತ್ತಿಗೆ ಗಂಟೆಯೇ ಕಳೆದಿರುತ್ತಿತ್ತು.

ತಿಂಗಳ ಕೊನೆಗೆ ಶಾಲು ಗೂಟಕ್ಕೆ ಹೋಯಿತು. ಕಾಳಿನವನಿಗೆ ಮತ್ತೆ ಬೈಗುಳ ಬಿತ್ತು. ಅವನು ಸಂತೋಷದಿಂದ ಬೈಸಿಕೊಂಡ. ಹಬ್ಬದ ದಿನ ವರ್ಸಿನಿ ಪದ್ಧತಿಯಂತೆ ಅಕ್ಕನ ಕೈಹಿಡಿದು ಕ್ಷಮೆ ಕೇಳಿದಳು. "ಕೊಪ್ಪರಿಗೆ ನಿಂದೇ ಬಿಡು. ಉಪವಾಸದ ಪುಣ್ಯ." ಕೇರಿಯವರೂ ಹಾಗೇ ಅಂದುಕೊಂಡರು.

ಆದರೆ ಹಬ್ಬ ಕಳೆದು ಸ್ವಲ್ಪ ದಿನಕ್ಕೇ ದನಿ ಮತ್ತೆ ಕುಗ್ಗಿತು, ಶಾಲು ಗೂಟದಿಂದ ಇಳಿಯಿತು. ಈ ಸಲ ವರ್ಸಿನಿ ಹುಳಿಯ ಗಡಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

ಲಸಿಯೆಮ್ ಅದರ ಅಂಚು ಹಿಡಿದಳು. "ಪುಣ್ಯ ಆಗಿದ್ರೆ ಇಷ್ಟು ಬೇಗ ಖರ್ಚಾಗ್ತಿರ್ಲಿಲ್ಲ. ಉಪವಾಸದಲ್ಲಿ ನಾನು ಏನೋ ಬೇರೆ ಮಾಡಿದ್ದೀನಿ. ಅದೇನು ಅಂತ ಕೇಳ್ಕೊಂಡು ಬರ್ತೀನಿ. ಅಲ್ಲೀವರೆಗೂ ಇದನ್ನ ಮುಟ್ಬೇಡ."

ಡಾಕ್ಟರು ಅವಳನ್ನು ಕೂರಿಸಿ, ಎದ್ದಾಗಿನಿಂದ ಏನೇನು ಮಾಡ್ತೀರಿ ಎಲ್ಲ ಹೇಳಿ ಎಂದಳು.

"ಏಳ್ತೀನಿ, ಒಲೆ ಹಚ್ತೀನಿ, ಹಾಲು ಕಾಯಿಸ್ತೀನಿ. ಮೊದಲ ಲೋಟ ಕುಡೀತೀನಿ, ಅದ್ರಲ್ಲೇ ಮಾತ್ರೆ ನುಂಗ್ತೀನಿ."

"ಸೋಯಾ ಹಾಲಲ್ಲಿ? ಬರೀ ಹೊಟ್ಟೇಲಿ ಅಂದಿದ್ನಲ್ಲ ಬು."

"ಬರೀ ಹೊಟ್ಟೇನೇ. ಅನ್ನ ಮುಟ್ಟಿರಲ್ಲ."

ಡಾಕ್ಟರು ಹಣೆ ಹಿಡಿದುಕೊಂಡು ನಕ್ಕಳು. "ನಮ್ಮಜ್ಜೀನೂ ಎರಡು ಬಟ್ಟಲು ಮಿ ನೂಡಲ್ಸ್ ತಿಂದು, ಇನ್ನೂ ಊಟ ಆಗಿಲ್ಲ ಅಂತಾರೆ. ನಾನೇ ಬಿಡಿಸಿ ಕೇಳ್ಬೇಕಿತ್ತು. ಸೋಯಾ ಇದ್ರೆ ಮಾತ್ರೆ ಪೂರ್ತಿ ಮೈಗೆ ಹತ್ತಲ್ಲ. ಉಪವಾಸದಲ್ಲಿ ಬರೀ ನೀರಲ್ಲಿ ನುಂಗಿದ್ರಿ, ಅದಕ್ಕೇ ಹತ್ತಿತು. ಎದ್ದ ತಕ್ಷಣ ನೀರಲ್ಲಿ ನುಂಗಿ. ಒಂದು ಗಂಟೆ ಏನೂ ಬೇಡ, ಕಾಫೀನೂ ಬೇಡ. ಸೋಯಾ ಹಾಲು ಮಧ್ಯಾಹ್ನಕ್ಕೆ. ಬಲ ಕಮ್ಮಿ ಇರೋ ಮಾತ್ರೆ ಬರೀತೀನಿ. ಈಗಿನ ಬಲ ಪೂರ್ತಿ ಮೈಗೆ ಹತ್ತಿದ್ರೆ ಎದೆ ಹೊಡ್ಕೊಳ್ಳುತ್ತೆ. ಮುಂದಿನ ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ."

ಮನೆಗೆ ಬಂದು ಲಸಿಯೆಮ್ ತಂಗಿಗೆ ಎಲ್ಲ ಹೇಳಿದಳು. ವರ್ಸಿನಿ ಲೋಟ ತೊಳೆದಳು.

"ಇನ್ಮೇಲೆ ನಾನು ಕುಡೀತೀನಿ, ನೀನು ಹುಯ್ಯಿ. ಅಪ್ಪ ಇದ್ದಿದ್ರೆ ಇಬ್ಬರನ್ನೂ ಆಚೆ ಹಾಕ್ತಿದ್ದ."

"ಅಪ್ಪನಿಗೆ ಥೈರಾಯ್ಡ್ ಚೆನ್ನಾಗಿತ್ತು. ಸುಮ್ನೆ ಕುಡಿ."

ಕೈ ಮರಳಿತು, ಗಿರಾಕಿಗಳು ಮರಳಿದರು. ಮುಂದೆ ವರ್ಷಾನುಗಟ್ಟಲೆ ಅವಳು ಆ ಕಾಯಿಲೆಯ ಜೊತೆ ಬಾಳಿದಳು. ಕೇರಿಯ ಯಾವ ಹೆಂಗಸು ಸುಸ್ತು, ಚಳಿ ಎಂದು ಬಂದು ಕೂತರೂ, "ಮೊದ್ಲು ರಕ್ತ ಕೊಟ್ಟು ಬಾ, ಆಮೇಲೆ ಬೆನ್ನು ಕೆರೀತೀನಿ" ಎನ್ನುವಳು. ವಾಸಿಯಾಯಿತಲ್ಲ, ಮಾತ್ರೆ ಯಾಕೆ ಎಂದು ಕೇಳಿದವರಿಗೆ, "ಮಾತ್ರೆ ಇದೆ ಅಂತಾನೇ ವಾಸಿಯಾಗಿರೋದು" ಎನ್ನುತ್ತಿದ್ದಳು. ಮಂಡಿ ಸೋತಾಗ, ಯಾರೂ ಹೇಳದೆ, ತಾನೇ ಕೊಪ್ಪರಿಗೆಯನ್ನು ವರ್ಸಿನಿಯ ಮಗಳು ವುರಿಗೆ ಬಿಟ್ಟುಕೊಟ್ಟಳು.

ಕೊನೆಗೆ ಅವಳನ್ನು ಮಲಗಿಸಿದ್ದು ಮುಪ್ಪು ಮತ್ತು ಕೆಮ್ಮು. ಒಂದು ಸಂಜೆ ವುರಿ ಗಂಜಿ ಇಟ್ಟು ಹೋದಳು. ಲಸಿಯೆಮ್ ಅವಳು ಹೋದ ಬಾಗಿಲನ್ನೇ ನೋಡುತ್ತಿದ್ದಳು.

"ಅವಳ ಕಣ್ಣಿನ ರೆಪ್ಪೆ ನೋಡಿದ್ಯಾ ಪೊನಿರಾ? ಊದಿದೆ. ನಡಿಗೇನೂ ನೀರೊಳಗೆ ನಡೆದ ಹಾಗಿದೆ."

"ಬಾಣಂತಿ ಯು. ಮಗು ನಿದ್ದೆ ಮಾಡೋಕೆ ಬಿಡಲ್ಲ."

"ಇರ್ಬೋದು. ಅದನ್ನ ರಕ್ತ ಹೇಳ್ಲಿ. ನಮ್ಮ ಮನೆ ಹೆಣ್ಣು ಅವಳು, ನಂಗೆ ಬಂದದ್ದು ಅವಳಿಗೂ ಬಂದಿರ್ಬೋದು." ಕೆಮ್ಮಿ, ನನ್ನ ಮುಂಗೈ ಹಿಡಿದಳು. "ವರ್ಸಿನಿ ಬಾಯಿ ಗೊತ್ತಲ್ಲ ನಿಂಗೆ. ಮಗಳನ್ನ ಸೋಮಾರಿ ಅಂತ ಅವಳು ಅನ್ನೋಕೆ ಮುಂಚೆ, ನಾಳೆ ನೀನೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಅವಳು ವಾಪಸ್ ಬರೋವರೆಗೂ ಕೊಪ್ಪರಿಗೆ ಮುಂದೆ ಬೇರೆ ಯಾರನ್ನೂ ನಿಲ್ಲೋಕೆ ಬಿಡ್ಬೇಡ."